ಎಂಟು ಲಕ್ಷ ಕೋಟಿ ದಿನದ ರಜೆ

ಇಷ್ಟಕ್ಕೆಲ್ಲ ಕಾರಣ ಒಂದು ಪ್ರೆಶರ್ ಕುಕ್ಕರು. ಅದನ್ನು ಯಾರೂ ಒಲೆಯ ಮೇಲೆ ಇಟ್ಟಿರಲಿಲ್ಲ, ಅದು ಕೂಗಿಯೂ ಇರಲಿಲ್ಲ. ರಟ್ಟಿನ ಡಬ್ಬದೊಳಗೆ ತನ್ನ ಪಾಡಿಗೆ ತಾನಿತ್ತು.

ಪಿಲ್ಲಗುಂಪೆಯ ಆ ಗೋಡೌನಿನಲ್ಲಿ ಕೆಂಪರಾಜು ಮೂರು ವರ್ಷದಿಂದ ಟೆಂಪರರಿ. ಅವತ್ತು ಸಂಜೆ ಪರ್ಮನೆಂಟ್ ಆಗುವುದಿತ್ತು. ಆರ್ಡರು ಮ್ಯಾನೇಜರ್ ವೆಂಕಟರಾಯಪ್ಪನವರ ಮೇಜಿನ ಮೇಲೆ ಸಹಿಗೆ ಕಾದಿತ್ತು. ಇಂಥ ದಿನ ಸುಮ್ಮನೆ ಇರಬೇಕೋ ಬೇಡವೋ? ತೂಬಗೆರೆಯಲ್ಲಿ ಅಕ್ಕನ ಹೊಸ ಮನೆ ಒಕ್ಕಲಿಗೆ ಒಂದು ದಿನ ರಜೆ ಕೇಳೋಣವೆಂದು ಕಂಪ್ಯೂಟರಿನಲ್ಲಿ ಅರ್ಜಿಯ ಪುಟ ತೆರೆದ. ಕಾರಣ ಬರೆದ. ‘ಎಷ್ಟು ದಿನ’ ಎಂಬ ಖಾನೆಯ ಮೇಲೆ ಕ್ಲಿಕ್ ಮಾಡಿದ. ಅಷ್ಟರಲ್ಲಿ ಹೊರಗೆ ಲಾರಿ ಬಂತು. ಪುಟ ಹಾಗೇ ಬಿಟ್ಟು, ಕೈಗೆ ಸಿಕ್ಕ ಕುಕ್ಕರ್ ಡಬ್ಬದ ಬಾರ್‌ಕೋಡಿಗೆ ಸ್ಕ್ಯಾನರ್ ಹಿಡಿದು ಕೀಂಯ್ ಎನಿಸಿ, ಲಾರಿಯ ಕಡೆ ಓಡಿದ.

ಹತ್ತು ನಿಮಿಷಕ್ಕೆ ಒಳಗಿಂದ ಕರೆ ಬಂತು.

“ಏನಪ್ಪಾ ಕೆಂಪರಾಜು,” ಎಂದರು ವೆಂಕಟರಾಯಪ್ಪ, ಕನ್ನಡಕದ ಮೇಲಿಂದ ನೋಡುತ್ತ. “ನಿಮ್ಮಕ್ಕ ಮನೆ ಕಟ್ಟಿರೋದು ತೂಬಗೆರೇಲೋ, ಚಂದ್ರಲೋಕದಲ್ಲೋ?”

“ತೂಬಗೆರೇಲೇ ಸಾರ್.”

“ಮತ್ತೆ ಎಂಟು ಲಕ್ಷ ತೊಂಬತ್ತು ಸಾವಿರ ಕೋಟಿ ದಿನ ರಜೆ ಯಾಕೆ?”

ಕೆಂಪರಾಜು ಪರದೆಯತ್ತ ಬಗ್ಗಿ ನೋಡಿದ. ದಿನದ ಖಾನೆಯಲ್ಲಿ ಹದಿಮೂರು ಅಂಕಿ ಸಾಲಾಗಿ ಕೂತಿದ್ದವು.

“ನಾನು ಬರ್ದಿಲ್ಲ ಸಾರ್.”

“ನಿನ್ನ ಹೆಸರು, ನಿನ್ನ ಪಾಸ್‌ವರ್ಡು, ನಿನ್ನ ಅಕ್ಕ. ಇನ್ಯಾರು ಬರೆದ್ರು, ದೆವ್ವಾನಾ?”

ಬಾಗಿಲಲ್ಲಿ ಆಗಲೇ ಪ್ಯಾಕಿಂಗ್ ಮುನೀಂದ್ರ ನಿಂತಿದ್ದ. ಉರಿಯೋ ಬೆಂಕಿಗೆ ತುಪ್ಪ ಸುರಿಯೋದು ಅವನಿಗೆ ಸಂಬಳವಿಲ್ಲದ ಇನ್ನೊಂದು ಕೆಲಸ.

“ಬೇರೆ ಕಡೆ ಕೆಲಸ ಸಿಕ್ಕಿದೆ ಸಾರ್ ಇವನಿಗೆ. ಹೋಗೋಕ್ಮುಂಚೆ ಗೇಲಿ ಮಾಡ್ತಿದ್ದಾನೆ. ನಿನ್ನೆ ಶೇವ್ ಬೇರೆ ಮಾಡ್ಕೊಂಡು ಬಂದಿದ್ದ.”

ಕಸ ಗುಡಿಸುತ್ತಿದ್ದ ಲಕ್ಷ್ಮೀದೇವಮ್ಮ ಪೊರಕೆ ನಿಲ್ಲಿಸಿದಳು. “ಯಾವ್ದೋ ಹುಡುಗಿ ಫೋನ್ ನಂಬರ್ ಇರ್ಬೇಕು ಸಾರ್.”

ವೆಂಕಟರಾಯಪ್ಪ ಬೆರಳಿಟ್ಟು ಎಣಿಸಿದರು. “ಹದಿಮೂರು ಅಂಕಿ ಇದೆ. ಹುಡುಗಿ ಫಾರಿನ್ನೋಳಾ?” ಎಂದವರೇ ಸಹಿಗೆಂದು ತೆಗೆದಿದ್ದ ಪೆನ್ನಿನ ಮುಚ್ಚಳ ಹಾಕಿಬಿಟ್ಟರು.

ಈಗ ಕೆಂಪರಾಜುವಿಗೂ ಅನುಮಾನ ಹತ್ತಿತು. ಲಾರಿಗೆ ಹೋದಾಗ ತನ್ನ ಕುರ್ಚಿಯಲ್ಲಿ ಕೂತವರು ಯಾರು? “ಮುನೀಂದ್ರ, ನಿಜ ಹೇಳೋ, ನೀನೇ ತಾನೆ?” ಎಂದ. ಮಾತಿಗೆ ಮಾತು ಬೆಳೆದು ಕೈ ಕೈ ಮಿಲಾಯಿಸುವ ಹೊತ್ತಿಗೆ ಸಿಂಧು ಬಂದಳು. ಗೋಡೌನಿನ ಕಂಪ್ಯೂಟರಿಗೆ ತಂತ್ರಾಂಶ ಬರೆದವಳು ಅವಳೇ.

“ಯಾರೂ ಬರೆದಿಲ್ಲ ಸಾರ್,” ಎಂದಳು. “ಸ್ಕ್ಯಾನರ್ ಅಂದ್ರೆ ಕಣ್ಣಿರೋ ಕೀಬೋರ್ಡು, ಅಷ್ಟೆ. ಕರ್ಸರ್ ಎಲ್ಲಿ ಮಿನುಗ್ತಿರುತ್ತೋ ಅಲ್ಲಿಗೆ ನಂಬರ್ ತುಂಬಿಸಿ, ತಾನೇ ಎಂಟರ್ ಒತ್ತಿ ಕಳಿಸಿಬಿಡುತ್ತೆ. ಇದು ಕುಕ್ಕರ್ ನಂಬರು. ಒತ್ತಿದ್ದು ಮನುಷ್ಯನಾ, ಮಷೀನಾ ಅಂತ ನಾನು ಬರೆದ ಜಾವಾಸ್ಕ್ರಿಪ್ಟ್ ಕೋಡು ನೋಡ್ಬೇಕಿತ್ತು. ತಪ್ಪು ನಂದು.”

“ಅದನ್ನ ಹೆಂಗಮ್ಮ ನೋಡೋದು?”

“ವೇಗದಿಂದ. ಯಾವ ಅಂಕಿ ಯಾವಾಗ ಬಂತು ಅಂತ ದಾಖಲೆ ಇದೆ. ನೋಡಿ, ಹದಿಮೂರೂ ಸೇರಿ ಸೆಕೆಂಡಿನ ಹತ್ತನೇ ಒಂದು ಭಾಗ. ಯಾವ ಮನುಷ್ಯನ ಕೈಲೂ ಆಗಲ್ಲ.”

ವೆಂಕಟರಾಯಪ್ಪ ತಲೆದೂಗಿದರು. ಪೆನ್ನಿನ ಮುಚ್ಚಳ ತೆಗೆದು ಆರ್ಡರಿಗೆ ಸಹಿ ಹಾಕಿಯೇಬಿಟ್ಟರು. ಕೆಂಪರಾಜುವಿಗೆ ಹೋದ ಜೀವ ಬಂತು.

“ಒಂದಿನದ್ದು ನೋಡಿದ್ರೆ ಸಾಕಾ ಸಾರ್?” ಎಂದು ಮುನೀಂದ್ರ ಗೊಣಗಿದ.

ಗೆದ್ದವನಿಗೆ ಬಾಯಿ ನಿಲ್ಲಬೇಕಲ್ಲ. “ಹಿಂದಿನ ಮೂರು ತಿಂಗಳದ್ದೂ ತೋರ್ಸಮ್ಮ,” ಎಂದ ಕೆಂಪರಾಜು. “ನಾನು ಎಂಥೋನು ಅಂತ ಎಲ್ರಿಗೂ ಗೊತ್ತಾಗ್ಲಿ.” ಹೇಳಿ ಮುಗಿಸುವಷ್ಟರಲ್ಲಿ ಅವನ ಕಣ್ಣು ಯಾಕೋ ತನ್ನ ಡ್ರಾಯರಿನ ಕಡೆ ಹೋಯಿತು.

ಸಿಂಧು ಪರದೆಯನ್ನು ಕೆಳಗೆ ಕೆಳಗೆ ಸರಿಸಿದಳು. ಹುಬ್ಬು ಗಂಟಾಯಿತು.

“ಸಾರ್, ಶನಿವಾರ ಶನಿವಾರ ಎರಡೂ ಮಹಡಿ ಓಡಾಡಿ ಪ್ರತಿ ರ‍್ಯಾಕಿನ ಬಾರ್‌ಕೋಡ್ ಚೀಟಿ ಸ್ಕ್ಯಾನ್ ಮಾಡೋರು ಯಾರು?”

“ಇವನೇ. ಅರ್ಧ ದಿನ ಹಿಡಿಯುತ್ತೆ ಅಂತಾನೆ.”

“ಇಲ್ಲಿ ನೂರಿಪ್ಪತ್ತು ರ‍್ಯಾಕಿಗೆ ನಾಲ್ಕೇ ನಿಮಿಷ. ಕೆಳಗಿನ ಕೊನೇ ರ‍್ಯಾಕಿಂದ ಮೇಲಿನ ಮಹಡಿಗೆ ಎರಡು ಸೆಕೆಂಡು. ಎಲ್ಲಾ ಶನಿವಾರಾನೂ ಹಿಂಗೇ ಇದೆ.”

ಮುನೀಂದ್ರ ಹೋಗಿ ಕೆಂಪರಾಜುವಿನ ಡ್ರಾಯರು ಎಳೆದ. ನೂರಿಪ್ಪತ್ತು ಚೀಟಿಗಳನ್ನೂ ಜೆರಾಕ್ಸ್ ಮಾಡಿಸಿ ಅಂಟಿಸಿದ್ದ ನಾಲ್ಕು ಹಾಳೆಗಳು ಸಿಕ್ಕವು. ಟೀ ಕುಡಿಯುತ್ತ ಕುಂತಲ್ಲೇ ಸ್ಕ್ಯಾನ್ ಮಾಡಿದ್ದಕ್ಕೆ ಒಂದೊಂದರ ಮೇಲೂ ಲೋಟದ ಗುರುತು ಬೇರೆ.

ವೆಂಕಟರಾಯಪ್ಪ ಬೈಯಲಿಲ್ಲ. ಸಹಿಯಾದ ಆರ್ಡರು ಹಿಡಿದು ಮೆಟ್ಟಿಲು ಹತ್ತಿ ಹೋದರು. ಬರಿಗೈಯಲ್ಲಿ ಏದುಸಿರು ಬಿಡುತ್ತ ಇಳಿದು ಬಂದರು.

“ಮೇಲ್ಗಡೆ ಕೊನೇ ರ‍್ಯಾಕಲ್ಲಿ ಇಟ್ಟಿದ್ದೀನಿ ಕಣಪ್ಪ. ನಂಗೆ ಏಳು ನಿಮಿಷ ಹಿಡೀತು. ನೀನು ಎರಡು ಸೆಕೆಂಡಲ್ಲಿ ತಗೊಂಡ್ಬಂದ್ರೆ ಪರ್ಮನೆಂಟು.”

ಮುನೀಂದ್ರ ಮೊಬೈಲಿನಲ್ಲಿ ಸ್ಟಾಪ್‌ವಾಚ್ ತೆರೆದು ನಿಂತ.