ದೇವರ ಜಗಲಿ ಏರಿದ ಗ್ರೀಟಿಂಗ್ ಕಾರ್ಡು

ಅಪಾಯವೆಂದರೆ ಮಹಾಲಿಂಗಪುರದ ರಸ್ತೆಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರನ್ನು ಬೈಕಿನಲ್ಲಿ ಓವರ್‌ಟೇಕ್ ಮಾಡುವುದು ಎಂದು ನಾನು ಬಹಳ ವರ್ಷ ನಂಬಿದ್ದೆ. ಈಗ ನಂಬುವುದಿಲ್ಲ. ನಿಜವಾದ ಅಪಾಯ ಕೆಂಪು ಲಕೋಟೆಯಲ್ಲಿ, ಮೈತುಂಬ ಮಿನುಗು ಅಂಟಿಸಿಕೊಂಡು ಬರುತ್ತದೆ. ಹೋದ ವರ್ಷ ಫೆಬ್ರುವರಿಯಲ್ಲಿ ಅದನ್ನು ಕಣ್ಣಾರೆ ಕಂಡವನು ನಾನು. ಈಗಲೂ ಒಮ್ಮೊಮ್ಮೆ ಊಟಕ್ಕೆ ಕೂತಾಗ ತುತ್ತು ಕೈಯಲ್ಲೇ ನಿಂತು, ಆ ಸಂಜೆ ಮೊದಲಿನಿಂದ ಕೊನೆಯವರೆಗೆ ಕಣ್ಣ ಮುಂದೆ ಹಾದುಹೋಗುತ್ತದೆ.

ನಾನು ಜಮಖಂಡಿಯ ಕಾಲೇಜೊಂದರಲ್ಲಿ ಪಾಠ ಹೇಳುವವನು. ಮನೆ ಬನಹಟ್ಟಿಯ ಮಗ್ಗದ ಓಣಿಯಲ್ಲಿ. ಪ್ರೇಮಿಗಳ ದಿನ ಹುಡುಗರು ಕಾರ್ಡು ಕೊಟ್ಟುಕೊಳ್ಳುವುದನ್ನು ಕಂಡು ಪ್ರತಿ ವರ್ಷ ನಗುತ್ತಿದ್ದೆ. ಆ ಸಲ ಯಾಕೋ ನಗು ಬರಲಿಲ್ಲ, ನಾನೂ ಒಂದು ಕೊಂಡು ಒಳಗೆ ಎರಡು ಸಾಲು ಬರೆದೆ. ಮದುವೆಯಾಗಿ ಹತ್ತು ವರ್ಷವಾದರೂ ಸವಿತಾಳಿಗೆ ನಾನು ಬರೆದುಕೊಟ್ಟ ಕಾಗದವೆಂದರೆ ಕಿರಾಣಿ ಚೀಟಿ ಒಂದೇ. ಹಿರಿಯರೆದುರು ಅವಳನ್ನು ಹೆಸರು ಹಿಡಿದೂ ಕರೆಯುವುದಿಲ್ಲ. ‘ಕೇಳಿಸ್ತೇನು’ ಎಂದರೆ ಅವಳೇ. ಎಲ್ಲರೂ ಮಲಗಿದ ಮೇಲೆ ಗುಟ್ಟಾಗಿ ಕೊಡೋಣವೆಂದು ಕಾರ್ಡನ್ನು ಊಟದ ಡಬ್ಬಿಯ ಚೀಲದಲ್ಲಿಟ್ಟೆ. ಡಬ್ಬಿ ತೊಳೆಯಲು ಆ ಚೀಲ ಬಿಚ್ಚುವವಳು ಅವ್ವ ಎಂಬುದು ಈ ಪದವೀಧರನ ತಲೆಗೆ ಹೊಳೆಯಲಿಲ್ಲ.

ಅವ್ವನಿಗೆ ಓದಲು ಬಾರದು. ಅವಳ ಲೆಕ್ಕದಲ್ಲಿ ಮನೆಗೆ ಬರುವ ಬಣ್ಣದ ಕಾರ್ಡೆಲ್ಲ ಲಗ್ನಪತ್ರಿಕೆಯೇ. ನಾನು ಮುಖ ತೊಳೆದು ಬರುವಷ್ಟರಲ್ಲಿ ಮೂಲೆ ಮೂಲೆಗೂ ಅರಿಷಿಣ ಕುಂಕುಮ ಹಚ್ಚಿಸಿಕೊಂಡು ಕಾರ್ಡು ದೇವರ ಜಗಲಿ ಏರಿತ್ತು. ಕೈ ಚಾಚಿದೆ. ಕಾಕಾ ಓದುವವರೆಗೆ ಮುಟ್ಟಬಾರದೆಂದು ಅವ್ವ ಗದರಿದಳು. ನಮ್ಮಲ್ಲಿ ಪದ್ಧತಿಯೇ ಹಾಗೆ: ಪತ್ರಿಕೆಯನ್ನು ಹಿರಿಯರೊಬ್ಬರು ಎಲ್ಲರೆದುರು ಗಟ್ಟಿಯಾಗಿ ಓದಬೇಕು, ಯಾರ ಹೆಸರು ಹಾಕಿದ್ದಾರೆ, ಯಾರದು ಬಿಟ್ಟಿದ್ದಾರೆ ಎಂದು ಚರ್ಚೆಯಾಗಬೇಕು. ಅಪ್ಪನ ತಮ್ಮನಾದ ಕಾಕಾನ ದನಿಯೋ, ಜೀವಮಾನವಿಡೀ ಪವರ್‌ಲೂಮಿನ ಸದ್ದಿನ ಮೇಲೆ ಮಾತಾಡಿ ಬೆಳೆದದ್ದು.

ಕಾಕಾ ಚಷ್ಮಾ ಏರಿಸಿ ಕಿಟಕಿಯ ಬೆಳಕಿಗೆ ಕೂತ. ಸವಿತಾ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅತ್ತೆಯೆದುರು ಅವಳ ಮಾನ ಹೋದರೆ ನನ್ನ ಜೊತೆ ಮಾತು ಬಿಡುವುದು ಖಂಡಿತ. ಹಿಂದೊಮ್ಮೆ ಬರೀ ಸೀರೆಯ ಬಣ್ಣದ ವಿಷಯಕ್ಕೆ ವಾರಗಟ್ಟಲೆ ಬಿಟ್ಟಿದ್ದಳು. ಪಕ್ಕದ ಕೋಣೆಯಲ್ಲಿ ಮಗ್ಗಗಳು ಖಟಖಟ ಬಡಿದುಕೊಳ್ಳುತ್ತಿದ್ದವು. ಈ ಗದ್ದಲದಲ್ಲಿ ಯಾರಿಗೂ ಏನೂ ಕೇಳದು ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಕಾಕಾ ಮಾತ್ರ ನಿಲ್ಲಲಿಲ್ಲ.

“ಸವಿತಾ, ನೀ ಸಿಟ್ಟಿಗೆದ್ದಾಗ ನಿನ್ನ ಮೂಗು ಕೆಂಪಗ ಆಗತೈತಿ. ಅದನ್ನ ನೋಡಾಕ ನಾ ಬೇಕಂತನ ಜಗಳಾ ತಗೀತೇನಿ.”

ಎದುರು ಮನೆಯ ಕಟ್ಟೆಯ ಮೇಲೆ ಯಾರೋ ಕೆಮ್ಮಿದರು. ಕಾಕಾ ಕಾರ್ಡನ್ನು ಹಿಂದೆ ಮುಂದೆ ತಿರುವಿದ. “ಏನಲೇ ಇದು, ಮುಹೂರ್ತನ ಹಾಕಿಲ್ಲ. ಯಾರದ್ ಲಗ್ನ?”

ಸವಿತಾ ಸೆರಗು ಸರಿಮಾಡಿಕೊಂಡು ಬಂದು ಕಪ್ಪನ್ನು ಕಾಕಾನ ಮುಂದಿಟ್ಟಳು.

“ನಮ್ಮದರೀ ಮಾವಾರ. ಲಗ್ನ ಆಗಿ ಹತ್ತು ವರ್ಷ ಆತು, ಪತ್ರಿಕಿ ಈಗ ಮುಟ್ಟೇತಿ.”

ಮೊದಲು ನಕ್ಕವಳು ಅವ್ವ. ಆಮೇಲೆ ಕಟ್ಟೆ, ಆಮೇಲೆ ಓಣಿ. ಸವಿತಾಳ ಮೂಗು ಕೆಂಪಾಗಿತ್ತು. ಸಿಟ್ಟಿನಿಂದಲ್ಲ ಎಂದು ತಿಳಿಯಲು ನನಗೆ ತುಸು ಹೊತ್ತು ಬೇಕಾಯಿತು.

ಮರುದಿನ ಕಾಕಾ ನನ್ನನ್ನು ಮಗ್ಗದ ಹಿಂದಕ್ಕೆ ಕರೆದು, ಮುಂದಿನ ವರ್ಷ ತನ್ನ ಹೆಂಡತಿ ಚಿಗವ್ವನಿಗೂ ಅಂಥದೊಂದು ಬರೆದುಕೊಡಬೇಕೆಂದ. ತನ್ನ ಕೈಯಿಂದ ನಕಲು ಮಾಡಿಕೊಳ್ಳುತ್ತಾನಂತೆ. ಈ ಫೆಬ್ರುವರಿಯಲ್ಲಿ ಹುರುಪಿನಿಂದ ಬರೆದುಕೊಟ್ಟೆ. ಸುದ್ದಿ ತಿಳಿದ ಓಣಿಯ ಗಂಡಸರು ಒಬ್ಬೊಬ್ಬರೇ ಬಂದರು, ಅವರಿಗೂ ಬರೆದೆ. ನನ್ನ ಸರದಿ ಬರುವಷ್ಟರಲ್ಲಿ ಮಾತುಗಳೆಲ್ಲ ಖರ್ಚಾಗಿದ್ದವು. ‘ಸವಿತಾಳಿಗೆ, ಪ್ರೀತಿಯಿಂದ’ ಎಂದಷ್ಟೇ ಬರೆದು ನೇರ ಅವಳ ಕೈಗೇ ಕೊಟ್ಟೆ. ಅವಳು ಕಾಕಾ ಚಿಗವ್ವನಿಗೆ ಕೊಟ್ಟ ಕಾರ್ಡನ್ನು ಓದಿಯೇ ಬಂದಿದ್ದಳು.

“ಛಲೋ ಐತಿ,” ಅಂದಳು. “ಆದ್ರ ನೀವು ಸ್ವಲ್ಪ ಮಾವಾರನ್ನ ನೋಡಿ ಕಲೀರಿ.”