ಗಾಳಿ ಹಾಸಿಗೆಯ ತೀರ್ಮಾನ

ಬೆಳಿಗ್ಗೆ ಒಂಬತ್ತೂವರೆಗೆ ಮೇಜಿನ ಮೇಲೆ ಬಂದು ಕೂತ ಒಂದು ಚೀಟಿಯೇ ಎಲ್ಲಕ್ಕೂ ಮೂಲ. ‘ಗಾಳಿ ಹಾಸಿಗೆ ಖರೀದಿ. ಮಧ್ಯಾಹ್ನ ಮೂರರ ಸಭೆಗೆ ಬರುವಾಗ ದರದ ಜೊತೆಗೆ, ಅವುಗಳ ಮೇಲೆ ಮಲಗಿದ ರೋಗಿಗಳಿಗೆ ಏನಾಯಿತು ಎಂಬುದನ್ನೂ ತಿಳಿದು ಬನ್ನಿ’ ಎಂದು ದೊಡ್ಡ ಡಾಕ್ಟರು ಸ್ವಂತ ಕೈಯಿಂದ ಬರೆದಿದ್ದರು.

ಆಸ್ಪತ್ರೆಯ ಖರೀದಿ ಗುಮಾಸ್ತ ಅದನ್ನು ಮೂರು ಸಲ ಓದಿ ಕನ್ನಡಕ ಒರೆಸಿಕೊಂಡ. ರೋಗಿಗಳಿಗೆ? ಹದಿನೈದು ವರ್ಷದಿಂದ ಅವನ ಕೆಲಸ ನೀರು ಕುಡಿದಷ್ಟು ಸುಲಭವಾಗಿತ್ತು. ಮೂರು ಕೊಟೇಶನ್ ತರಿಸುವುದು, ಎಲ್ಲಕ್ಕಿಂತ ಕಡಿಮೆಯದಕ್ಕೆ ಟಿಕ್ ಹಾಕುವುದು, ಚಹಾ ಕುಡಿಯುವುದು. ಇಡೀ ಆಸ್ಪತ್ರೆ ಅವನನ್ನು ಕನಿಷ್ಠಪ್ಪ ಎಂದೇ ಕರೆಯುತ್ತಿತ್ತು. ಅವನಿಗೂ ಒಳಗೊಳಗೇ ಹೆಮ್ಮೆ. ಆಸ್ಪತ್ರೆಯಲ್ಲಿ ರೋಗಿಗಳೂ ಇರುತ್ತಾರೆಂದು ಕೇಳಿ ಬಲ್ಲನೇ ಹೊರತು, ಗೋಡೌನಿನ ಪಕ್ಕದ ಕೋಣೆ ಬಿಟ್ಟು ವಾರ್ಡಿನ ಮೆಟ್ಟಿಲು ಹತ್ತಿದವನಲ್ಲ.

ಬೇರೆ ದಿನವಾಗಿದ್ದರೆ ಹೇಗೋ ಜಾರಿಕೊಳ್ಳುತ್ತಿದ್ದ. ಆದರೆ ಇವತ್ತು ಅದೇ ಸಭೆಯಲ್ಲಿ ಖರೀದಿ ವಿಭಾಗದ ಮುಖ್ಯಸ್ಥರ ಹುದ್ದೆಯೂ ತೀರ್ಮಾನವಾಗುವುದಿತ್ತು. ಅರ್ಜಿ ಹಾಕಿದವರು ಇಬ್ಬರು: ಇವನು, ಮತ್ತು ಬೇರೊಂದು ಆಸ್ಪತ್ರೆಯ ಒಬ್ಬ ಮಹಿಳೆ. ಆ ಕುರ್ಚಿಯ ಯೋಚನೆಯಲ್ಲಿ ಅವನು ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಹೆಂಡತಿ ಆಗಲೇ ತನ್ನ ಅಕ್ಕನಿಗೂ ಅಕ್ಕನ ನಾದಿನಿಗೂ ಸುದ್ದಿ ಮುಟ್ಟಿಸಿಯಾಗಿತ್ತು. ಇನ್ನು ಹುದ್ದೆ ತಪ್ಪಿದರೆ ಮನೆಯಲ್ಲಿ ಮುಖ ತೋರಿಸುವ ಹಾಗಿರಲಿಲ್ಲ.

ಮಧ್ಯಾಹ್ನ ಒಂದೂವರೆಗೆ ಮೆಟ್ಟಿಲು ಹತ್ತಿದರೆ, ಮೂಳೆ ವಾರ್ಡಿನ ಬಾಗಿಲಲ್ಲೇ ಹೆಡ್ ಸಿಸ್ಟರ್ ಎದುರಾದರು.

“ಅಯ್ಯೋ, ಕನಿಷ್ಠಪ್ಪನವ್ರು! ಹದಿನೈದು ವರ್ಷಕ್ಕೆ ಈಗ ದಾರಿ ಗೊತ್ತಾಯ್ತಾ ಸಾರ್?”

“ತಮಾಷೆ ಬೇಡ ಸಿಸ್ಟರ್. ಮಲಗಿದವರ ಬೆನ್ನು ಹುಣ್ಣಾಗದಿರಲಿ ಅಂತ ನಾನು ಹೋದ ವರ್ಷ ತರಿಸಿದ ಗಾಳಿ ಹಾಸಿಗೆ ಹೇಗಿದೆ?”

“ನನ್ನ ಯಾಕೆ ಕೇಳ್ತೀರಾ? ಮಲಗಿರೋರನ್ನ ಕೇಳಿ.”

ಮೊದಲ ಮಂಚದಲ್ಲಿ ಸೊಂಟ ಮುರಿದ ಅಜ್ಜಿ ಇದ್ದರು. ಹಾಸಿಗೆ ತರಿಸಿದವನು ಇವನೇ ಎಂದು ತಿಳಿದದ್ದೇ ತಡ, ಅಜ್ಜಿಯ ಮುಖ ಅರಳಿತು. ಇಷ್ಟು ದಿನ ಬೈಗುಳವನ್ನೆಲ್ಲ ಅವರು ವಿಳಾಸವಿಲ್ಲದೆ ಕಳಿಸುತ್ತಿದ್ದರು.

“ನೀನೇನಾ ಆ ಪುಣ್ಯಾತ್ಮ? ಸೊಂಟ ಕೂಡಿ ತಿಂಗಳಾಯ್ತು ಕಣಪ್ಪಾ. ಇದರ ಮೇಲೆ ಮಲಗಿ ಬೆನ್ನೆಲ್ಲಾ ಹುಣ್ಣು. ಅದು ಮಾಯೋವರೆಗೂ ಮನೆಗೆ ಕಳಿಸಲ್ವಂತೆ. ಮೊಮ್ಮಗು ನಡೆಯೋಕೆ ಶುರು ಮಾಡಿದೆಯಂತೆ, ನಾನಿನ್ನೂ ನೋಡಿಲ್ಲ.”

ಕನಿಷ್ಠಪ್ಪನಿಗೆ ಪಿಚ್ಚೆನಿಸಿತು. ಸಿಸ್ಟರ್ ರಿಜಿಸ್ಟರ್ ತೆಗೆದು ಓದುತ್ತಾ ಹೋದರು: ಅಗ್ಗದ ಹಾಸಿಗೆಯಲ್ಲಿ ಮಲಗಿದ ಪ್ರತಿ ಹತ್ತು ಜನರಲ್ಲಿ ನಾಲ್ವರಿಗೆ ಹುಣ್ಣು, ಅವರು ಆಸ್ಪತ್ರೆಯಲ್ಲೇ ಉಳಿದದ್ದು ತಲಾ ಇಪ್ಪತ್ತು ದಿನ ಹೆಚ್ಚು. ಪರೀಕ್ಷೆಗೆಂದು ಬಂದ ದುಬಾರಿ ಹಾಸಿಗೆಯಲ್ಲಿ ಮಲಗಿದವರಲ್ಲಿ ಒಬ್ಬರಿಗೂ ಹುಣ್ಣಿಲ್ಲ. ಅವನು ಬೆವರುತ್ತಾ ಎಲ್ಲವನ್ನೂ ಬರೆದುಕೊಂಡ.

“ಬರೆದ್ರೆ ಏನು ಗೊತ್ತಾಗುತ್ತೆ? ಮಲಗಿ ನೋಡು,” ಎಂದರು ಅಜ್ಜಿ.

“ಹೊರಗಿನ ಬಟ್ಟೇಲಿ ವಾರ್ಡಿನ ಹಾಸಿಗೆ ಮುಟ್ಟೋ ಹಾಗಿಲ್ಲ,” ಎಂದ ಸಿಸ್ಟರ್, ರೋಗಿಗಳು ತೊಡುವ ಹಸಿರು ಅಂಗಿ ಕೊಟ್ಟರು.

ಮೊದಲು ಖಾಲಿ ಮಂಚವೊಂದರ ಅಗ್ಗದ ಹಾಸಿಗೆ. ಪಂಪು ಗೊರಗೊರ ಎಂದಿತು, ಎಡಭಾಗ ಉಬ್ಬಿತು, ಬಲಭಾಗ ಕುಸಿಯಿತು, ಕನಿಷ್ಠಪ್ಪ ಉರುಳಿ ನೆಲಕ್ಕೆ ಬಿದ್ದ. ವಾರ್ಡಿಗೆ ವಾರ್ಡೇ ನಕ್ಕಿತು. ಅಜ್ಜಿ “ಇನ್ನೊಂದ್ಸಲ!” ಎಂದು ಕೂಗಿದರು.

ಆಮೇಲೆ ಕಿಟಕಿ ಪಕ್ಕದ ದುಬಾರಿ ಹಾಸಿಗೆ. ಅಲ್ಲಿದ್ದ ರೋಗಿ ಊರುಗೋಲು ಹಿಡಿದು ಶೌಚಾಲಯಕ್ಕೆ ಹೋಗಿದ್ದ. ಹಾಸಿಗೆ ಸದ್ದಿಲ್ಲದೆ ಕನಿಷ್ಠಪ್ಪನನ್ನು ಕೂಸಿನಂತೆ ಎತ್ತಿಕೊಂಡಿತು. ಐದೇ ನಿಮಿಷ ಎಂದುಕೊಂಡು ಕಣ್ಣು ಮುಚ್ಚಿದ. ಬಾಕಿಯಿದ್ದ ಎರಡು ರಾತ್ರಿಯ ನಿದ್ದೆಯೂ ಒಟ್ಟಿಗೇ ಬಂದು ಮೇಲೆ ಬಿತ್ತು. ಅಷ್ಟರಲ್ಲಿ ಸಿಸ್ಟರನ್ನು ಯಾರೋ ಬೇರೆ ವಾರ್ಡಿಗೆ ಕರೆದರು.

ಎಚ್ಚರವಾದಾಗ ಕೋಣೆಯೇ ಬೇರೆಯಾಗಿತ್ತು. ಬಲಗಾಲು ತೊಡೆಯವರೆಗೆ ಬೆಳ್ಳಗಾಗಿತ್ತು. ಪ್ಲಾಸ್ಟರ್ ಹಾಕುವವನು ನಿಶ್ಚಿಂತೆಯಿಂದ ಕೈ ತೊಳೆಯುತ್ತಿದ್ದ.

“ಅಯ್ಯೋ! ನನ್ನ ಕಾಲು ಸರಿಯಾಗಿದೆಯಪ್ಪಾ!”

“ಹಾಕಿದ ತಕ್ಷಣ ಎಲ್ರಿಗೂ ಹಂಗೇ ಅನ್ಸುತ್ತೆ. ಸುಮ್ನಿರಿ.”

“ನಾನು ಖರೀದಿ ವಿಭಾಗದವನು!”

ಪ್ಲಾಸ್ಟರಿನವನು ಇವನ ಮುಖ ನೋಡಿದ, ಮಂಚಕ್ಕೆ ತೂಗುಹಾಕಿದ್ದ ಕಾರ್ಡು ನೋಡಿದ, ನಾಲಿಗೆ ಕಚ್ಚಿಕೊಂಡ. “ಕಾರ್ಡಲ್ಲಿ ಬಲಗಾಲು ಅಂತಿತ್ತು. ಹಸಿರು ಅಂಗಿ ಬೇರೆ ಹಾಕ್ಕೊಂಡಿದ್ರಿ...”

“ಬೇಗ ಕತ್ತರಿಸು! ಮೂರಕ್ಕೆ ಹತ್ತೇ ನಿಮಿಷ ಇದೆ!”

“ಕತ್ತರಿಸೋ ಮೆಷಿನ್ ಮೂರೇ ದಿನಕ್ಕೆ ಸುಟ್ಟೋಯ್ತು ಸಾರ್. ನೀವೇ ತರಿಸಿದ್ದು. ಎಲ್ಲಕ್ಕಿಂತ ಅಗ್ಗದ್ದು.”

ಗಾಲಿಕುರ್ಚಿ ತಂದರು. ಅದೂ ಅವನೇ ತರಿಸಿದ್ದು. ಹೇಗೆ ತಳ್ಳಿದರೂ ಎಡಕ್ಕೇ ಎಳೆಯುತ್ತಿತ್ತು. ದಾರಿಯಲ್ಲಿ ಅಡುಗೆಮನೆಯನ್ನೂ ಶವಾಗಾರದ ಬಾಗಿಲನ್ನೂ ದರ್ಶನ ಮಾಡಿ, ಮೂರು ಗಂಟೆ ಐದು ನಿಮಿಷಕ್ಕೆ ಕನಿಷ್ಠಪ್ಪ ಹಸಿರು ಅಂಗಿಯಲ್ಲೇ, ಕಾಲು ಮುಂದೆ ಚಾಚಿಕೊಂಡು ಸಭೆಗೆ ನುಗ್ಗಿದ. ಸುತ್ತ ಕೂತಿದ್ದ ಐವರು ಕಾಲು ಹಿಂದಕ್ಕೆಳೆದುಕೊಂಡರು.

ಹುದ್ದೆಯ ಆಸೆ ಒಂದು ಕಡೆ, ಅಜ್ಜಿಯ ಬೆನ್ನು ಇನ್ನೊಂದು ಕಡೆ. ಎರಡೂ ಸೇರಿ ಅವನ ಬಾಯಿಂದ ಹಿಂದೆಂದೂ ಬಾರದ ಮಾತು ಬಂತು.

“ಸಾರ್, ಹದಿನೈದು ವರ್ಷ ನಾನು ಬರೀ ದರ ನೋಡಿದೆ! ಅಗ್ಗ ಅಂತ ತಂದ ಹಾಸಿಗೆಯಿಂದ ಹುಣ್ಣು, ಹುಣ್ಣಿಂದ ಇಪ್ಪತ್ತು ದಿನ ಜಾಸ್ತಿ! ಲೆಕ್ಕ ಹಾಕಿದ್ರೆ ಈ ಅಗ್ಗದ ಹಾಸಿಗೆಗಿಂತ ದುಬಾರಿಯದು ಲೋಕದಲ್ಲೇ ಇಲ್ಲ! ಇನ್ಮೇಲೆ ಎಷ್ಟಕ್ಕೆ ಸಿಗುತ್ತೆ ಅಂತ ಮಾತ್ರ ನೋಡೋದು ಬೇಡ. ಅದರಿಂದ ರೋಗಿಗೆ ಏನಾಯ್ತು, ಅದನ್ನೂ ನೋಡೋಣ. ಯಾವ ತೀರ್ಮಾನಕ್ಕೂ ಇದೇ ನಿಯಮ ಇರಲಿ!”

ಚಪ್ಪಾಳೆಯೋ ಚಪ್ಪಾಳೆ. ದುಬಾರಿ ಹಾಸಿಗೆ ಒಂದೇ ನಿಮಿಷದಲ್ಲಿ ಮಂಜೂರಾಯಿತು. ದೊಡ್ಡ ಡಾಕ್ಟರು ಎದ್ದು ಬಂದು ಅವನ ಕೈ ಕುಲುಕಿದರು.

“ಕಣ್ಣು ತೆರೆಸಿದ್ರಿ. ನಿಯಮ ಈ ಕ್ಷಣದಿಂದಲೇ ಜಾರಿ. ಈಗ ಮುಖ್ಯಸ್ಥರ ಹುದ್ದೆ ವಿಷಯ.” ಅವರು ಕಡತದಿಂದ ಒಂದು ಹಾಳೆ ತೆಗೆದರು. “ಇದು ನಿಮ್ಮ ನೇಮಕದ ಆದೇಶ. ಬೆಳಿಗ್ಗೆಯೇ ಟೈಪಾಗಿತ್ತು.”

ಕನಿಷ್ಠಪ್ಪ ಆನಂದದಿಂದ ಎದ್ದೇಳಲು ಹೋಗಿ, ಕಾಲು ಬಗ್ಗದೆ ಕೂತಲ್ಲೇ ಕೂತ.

“ನಿಮ್ಮನ್ನ ಯಾಕೆ ಆರಿಸಿದ್ವಿ ಹೇಳಿ? ಆಕೆಗಿಂತ ಅರ್ಧ ಸಂಬಳ ಸಾಕು ಅಂತ ಬರೆದಿದ್ರಿ. ನಾವೂ ಬರೀ ದರ ನೋಡಿದ್ವಿ, ನಾಚಿಕೆಯಾಗುತ್ತೆ! ಆಕೆ ಕೆಲಸ ಮಾಡಿದ ಆಸ್ಪತ್ರೇಲಿ ಒಬ್ಬ ರೋಗಿಗೂ ಹುಣ್ಣಾಗಿಲ್ಲವಂತೆ. ಇಲ್ಲಿ ನಿಮ್ಮ ಹದಿನೈದು ವರ್ಷದಲ್ಲಿ ರೋಗಿಗಳಿಗೆ ಏನಾಯ್ತು ಅನ್ನೋದನ್ನ ನೀವೇ ಇಷ್ಟು ಚೆನ್ನಾಗಿ ಹೇಳಿದ್ರಿ.”

ದೊಡ್ಡ ಡಾಕ್ಟರು ಆದೇಶವನ್ನು ಎರಡಾಗಿ ಹರಿದರು. ಎಲ್ಲರೂ ಮತ್ತೆ ಚಪ್ಪಾಳೆ ತಟ್ಟಿದರು. ಯಾರೋ ನಡಾವಳಿಯ ಪುಸ್ತಕವನ್ನು ಕನಿಷ್ಠಪ್ಪನ ಪ್ಲಾಸ್ಟರ್ ಕಾಲಿನ ಮೇಲೆ ಬಿಡಿಸಿಟ್ಟು, ಪೆನ್ನು ಕೈಗೆ ಕೊಟ್ಟರು.

“ನಿಯಮ ಸೂಚಿಸಿದವರು ನೀವೇ ಅಲ್ವಾ? ಇಲ್ಲೊಂದು ಸಹಿ ಹಾಕಿಬಿಡಿ ಸಾರ್.”