ಚಿಲಕ ತೆಗೆದು ಹೊರಟ ಬೂದಿಯವರಿಗೆ

ಮಾನ್ಯ ಬೂದಿಯವರೇ,

ಇಟ್ಟಿಗೆ ಗೂಡಿನ ಮೇಸ್ತ್ರಿಯಾದ ನಾನು, ತಮ್ಮ ಎರಡೂ ಉದ್ದ ಕಿವಿಗಳಿಗೆ ಬೇರೆಬೇರೆಯಾಗಿ ವಂದಿಸಿ, ಈ ದೂರನ್ನು ಬಹಿರಂಗವಾಗಿ ಸಲ್ಲಿಸುತ್ತಿದ್ದೇನೆ. ಖಾಸಗಿಯಾಗಿಯೇ ಬರೆಯಬಹುದಿತ್ತು, ಆದರೆ ಕಳೆದ ಸಲ ಕೊಟ್ಟಿಗೆಯ ಗೋಡೆಗೆ ಅಂಟಿಸಿದ ಸೂಚನಾಪತ್ರವನ್ನು ತಾವು ಓದುವ ಮೊದಲೇ ತಿಂದುಬಿಟ್ಟಿರಿ.

ತಾವು ಮತ್ತು ತಮ್ಮ ಜೊತೆಗಾರರಾದ ಕರಿಮೂತಿಯವರು ಒಂಬತ್ತು ವರ್ಷ ನಮ್ಮಲ್ಲಿ ಹಸಿ ಇಟ್ಟಿಗೆ ಹೊತ್ತಿದ್ದೀರಿ. ಊಟದ ಗಂಟೆ ಹೊಡೆಯುವ ಮೊದಲೇ ಇಬ್ಬರೂ ಒಟ್ಟಿಗೆ ನಿಂತುಬಿಡುತ್ತಿದ್ದಿರಿ. ನನ್ನ ಗಡಿಯಾರ ಕೆಟ್ಟ ದಿನಗಳಲ್ಲಿ ತಮ್ಮನ್ನು ನೋಡಿಯೇ ನಾನು ಗಂಟೆ ಹೊಡೆಸಿದ್ದುಂಟು. ಬಿಡುವಿನಲ್ಲಿ ಒಬ್ಬರ ಕತ್ತಿನ ಮೇಲೆ ಇನ್ನೊಬ್ಬರು ಗದ್ದವಿಟ್ಟು ನಿಲ್ಲುವುದನ್ನು ಕಂಡ ಮಾಲೀಕರು, ಇದು ಸೋಮಾರಿತನವೆಂದು ತೀರ್ಮಾನಿಸಿ, ಕರಿಮೂತಿಯವರನ್ನು ಹೊಳೆಯಾಚೆಗಿನ ತಮ್ಮ ಭಾವನ ಹೆಂಚಿನ ಕಾರ್ಖಾನೆಗೆ ಕಳಿಸಿದರು. "ಪ್ರಾಣಿಗೇನ್ರೀ ಗೊತ್ತಾಗುತ್ತೆ? ಎರಡು ದಿನದಲ್ಲಿ ಮರೆತುಬಿಡುತ್ತೆ" ಎಂದರು. ಹಗ್ಗ ಹಿಡಿದು ಲಾರಿ ಹತ್ತಿಸಿದ ಕೈ ನನ್ನದೆಂಬುದನ್ನು ಇಲ್ಲಿ ಸಣ್ಣ ಅಕ್ಷರದಲ್ಲಿ ನಮೂದಿಸಿದ್ದೇನೆ.

ತಾವಾದರೂ ಮಾಲೀಕರ ಮಾತಿಗೆ ಬೆಲೆ ಕೊಟ್ಟು ಎರಡು ದಿನದಲ್ಲಿ ಮರೆಯಬೇಕಿತ್ತು. ಅದು ಬಿಟ್ಟು ಹುಲ್ಲು ಮುಟ್ಟದೆ, ಲಾರಿ ಹೋದ ದಾರಿಗೇ ಮುಖ ಮಾಡಿ ಗೇಟಿನ ಬಳಿ ನಿಂತಿರಿ. ಬೆಳಿಗ್ಗೆ ಒಮ್ಮೆ ಕೂಗಿ, ಕಿವಿ ನಿಮಿರಿಸಿ ಕಾಯುತ್ತಿದ್ದಿರಿ. ಹೊಳೆಯಾಚೆಯಿಂದ ಸಣ್ಣಗೆ ಇನ್ನೊಂದು ಕೂಗು ಬರುತ್ತದೆಂದು ನಮ್ಮ ಬೆಂಕಿ ಹಾಕುವವನು ಹೇಳಿದಾಗ, ಅದು ಬರೀ ಪ್ರತಿಧ್ವನಿಯೆಂದು ಗದರಿದವನು ನಾನೇ. ನಾಲ್ಕನೆಯ ಬೆಳಿಗ್ಗೆ, ನಾನು ಇಟ್ಟಿಗೆ ಎಣಿಸುತ್ತಿರುವಾಗ, ತಾವು ತುಟಿಯಿಂದಲೇ ಚಿಲಕವನ್ನೆತ್ತಿ, ಪಕ್ಕಕ್ಕೆ ಸರಿಸಿ, ರಾಜೀನಾಮೆಯನ್ನೂ ಕೊಡದೆ ಹೊರಟುಹೋದಿರಿ. ಆ ಚಿಲಕ ತೆಗೆಯಲು ನನಗೇ ಎರಡು ಕೈ ಬೇಕೆಂಬುದು ತಮ್ಮ ಗಮನದಲ್ಲಿರಲಿ.

ನಾನು ಮೂರು ದಿನ ಹುಡುಕಿದೆ. ಸಂತೆ ಬಯಲು, ಬಸ್ ನಿಲ್ದಾಣದ ಹಿಂಭಾಗ, ಬಟ್ಟೆ ಒಗೆಯುವ ಕಟ್ಟೆ, ಎಲ್ಲ ಕಡೆಯೂ. ಪೊಲೀಸ್ ಠಾಣೆಯಲ್ಲಿ ತಮ್ಮ ಚಹರೆ ಹೇಳುವಾಗ ಬರೆದುಕೊಳ್ಳುವವರು ಎರಡು ಸಲ ಹೊರಗೆ ಹೋಗಿ ನಕ್ಕು ಬಂದರು. ಕೊನೆಗೆ ನನ್ನ ಹೆಂಡತಿ, "ಎಲ್ಲಾ ಕಡೆ ಹುಡುಕಿದ್ರಿ, ಅದು ಇರೋ ಕಡೆ ಮಾತ್ರ ಹೋಗ್ಲಿಲ್ಲ" ಎಂದಳು.

ಹೋಗದಿರಲು ಕಾರಣವಿತ್ತು. ಆ ಕಾರ್ಖಾನೆಯ ಕಾವಲುಗಾರ ನನ್ನ ಅಣ್ಣ. ಆರು ವರ್ಷದ ಹಿಂದೆ ತಂಗಿಯ ಮದುವೆಯಲ್ಲಿ ಅವನು ಬೀಗರ ವ್ಯಾನನ್ನು ಬೇರೆ ಯಾರದೋ ಮದುವೆ ಮನೆಗೆ ಕರೆದೊಯ್ದು ಇಳಿಸಿದ್ದ. ಆಗ ತುಂಬಿದ ಸಭೆಯಲ್ಲಿ, ಬೂದಿಯವರೇ, ನಾನು ಅವನನ್ನು ತಮ್ಮ ಕುಲನಾಮದಿಂದ ಕರೆದೆ. ಅಂದಿನಿಂದ ನಮ್ಮ ನಡುವೆ ಮಾತಿಲ್ಲ. ಸೇತುವೆ ದಾಟಲು ಇಪ್ಪತ್ತು ನಿಮಿಷ ಸಾಕೆಂಬುದು ಇಬ್ಬರಿಗೂ ಗೊತ್ತಿತ್ತು.

ಹೋದೆ. ಗೇಟಿನ ಸಂದಿಯಿಂದ ಮೊದಲು ಕಂಡವರು ತಾವು. ಕರಿಮೂತಿಯವರ ಕತ್ತಿನ ಮೇಲೆ ಗದ್ದ, ಬಾಯಲ್ಲಿ ಅಣ್ಣನೇ ತಂದಿಟ್ಟ ಹುಲ್ಲು. ಅಣ್ಣನ ತಲೆ ಪೂರ್ತಿ ಬೆಳ್ಳಗಾಗಿತ್ತು. ಅವನು ಗೇಟು ತೆಗೆಯುತ್ತಾ, "ಅದು ಬಂದು ಮೂರು ದಿನ ಆಯ್ತು. ನಿನಗೆ ಬರೋಕೆ ಆರು ವರ್ಷ ಬೇಕಾಯ್ತು" ಎಂದ.

ಒಂದು ಮಾತು ಹೇಳಿಕಳಿಸಬಾರದಿತ್ತಾ ಎಂದು ಕೇಳಿದೆ.

"ಹೇಳಿಕಳಿಸಿದ್ರೆ ನೀನು ಆಳನ್ನ ಕಳಿಸ್ತಿದ್ದೆ" ಎಂದ. ನಿಜ, ಕಳಿಸುತ್ತಿದ್ದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಕ್ಷಮಾಪಣೆಯ ಬದಲು, ಹುಲ್ಲಿನ ಖರ್ಚು ಎಷ್ಟಾಯಿತೆಂದು ಕೇಳಿದೆ. "ಒಳಗೆ ಬಾ, ಬಿಸಿಲಲ್ಲಿ ಹೀಗೆ ನಿಂತ್ಕೊಂಡಿದ್ರೆ ಒಳ್ಳೇ..." ಎಂದವನು ತಮ್ಮತ್ತ ನೋಡಿ, ಮರ್ಯಾದೆಯಿಂದ ಮಾತು ನಿಲ್ಲಿಸಿದ. ಇಬ್ಬರಿಗೂ ನಗು ಬಂತು. ನನಗೆ ನಗುವಿನ ಜೊತೆಗೆ ಬೇರೆ ಏನೋ ಬಂತು. ಅದನ್ನು ಹೆಂಚಿನ ಧೂಳಿನ ಲೆಕ್ಕಕ್ಕೆ ಹಾಕಿದೆ.

ಆಮೇಲೆ ಮಾಲೀಕರು ಲಾರಿ ತಂದಾಗ, ತಮ್ಮನ್ನು ಹೊರಡಿಸಲು ನಾಲ್ಕು ಜನ ತಳ್ಳಿದರೂ ತಾವು ಕದಲದೆ, ಕರಿಮೂತಿಯವರನ್ನು ಮುಂದೆ ಬಿಟ್ಟೊಡನೆ ಲಾರಿಯ ಹಲಗೆಯನ್ನು ತಾವಾಗಿಯೇ ಹತ್ತಿದ್ದು ಅವರ ಕಣ್ಣೆದುರೇ ನಡೆಯಿತು. ಇಬ್ಬರನ್ನೂ ನಮ್ಮ ಗೂಡಿನಲ್ಲೇ ಇರಿಸಿಕೊಳ್ಳಲು ಮಾಲೀಕರು ಅಂದೇ ಒಪ್ಪಿದರು. "ಅದು ನನ್ನದೇ ಯೋಚನೆ" ಎಂದು ಈಗ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾರೆ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳಿವು. ಜೊತೆಗಾರರು ದೂರವಾದರೆ ನಾಲ್ಕೇ ದಿನದಲ್ಲಿ ಹುಡುಕಿಕೊಂಡು ಹೊರಡುವ ವಿದ್ಯೆಯನ್ನು ನಮ್ಮ ಮನೆತನದವರಿಗೆ ವಾರಕ್ಕೊಂದು ಪಾಠದಂತೆ ಕಲಿಸಿಕೊಡಬೇಕು. ಇನ್ನು ಮುಂದೆ ಬುದ್ಧಿಯಿಲ್ಲದವರನ್ನು ಏನೆಂದು ಬೈಯಬೇಕೆಂದು ಲಿಖಿತವಾಗಿ ತಿಳಿಸಬೇಕು, ಏಕೆಂದರೆ ತಮ್ಮ ಕುಲನಾಮವನ್ನು ಬಳಸಲು ನಾಲಿಗೆ ಏಳುತ್ತಿಲ್ಲ. "ಮೇಸ್ತ್ರಿ" ಎಂಬುದು ತಮ್ಮ ಉತ್ತರವಾದಲ್ಲಿ, ಅದನ್ನು ಬಹಿರಂಗಪಡಿಸದಿರಲು ಕೋರುತ್ತೇನೆ.

ಚಿಲಕಗಳಲ್ಲಿ ನಂಬಿಕೆ ಕಳೆದುಕೊಂಡರೂ ತಮ್ಮಲ್ಲಿ ಮಾತ್ರ ಉಳಿಸಿಕೊಂಡಿರುವ,
ತಮ್ಮ ವಿಶ್ವಾಸಿ,
ಇಟ್ಟಿಗೆ ಗೂಡಿನ ಮೇಸ್ತ್ರಿ

ವಿ.ಸೂ.: ಗೇಟಿಗೆ ಹೊಸ ಬೀಗ ಬಂದಿದೆ. ಅದರ ಕೀಲಿಕೈ ಮಾಲೀಕರ ಅಂಗಿಯ ಬಲಜೇಬಿನಲ್ಲಿರುತ್ತದೆ. ಅವರು ಫೋನಿನಲ್ಲಿ ಮಾತಾಡುತ್ತಾ ತಮ್ಮ ಮೂತಿಗೆ ಬಲಭಾಗ ತಾಗುವಂತೆ ತುಂಬ ಹೊತ್ತು ನಿಂತಿರುತ್ತಾರೆ. ಇದು ಕೇವಲ ತಮ್ಮ ಮಾಹಿತಿಗಾಗಿ.